ಹಾಸಿಗಾಗಿ ಕೂಡಿದ ಕೈಗಳು

ಚಳ್ಳಕೆರೆ ಸೀಮೆಯಲ್ಲಿ ಕಂಬಳಿ ನೇಯುವ ಮುನ್ನ ಉಣ್ಣೆ ನೂಲಿನ ಹಾಸನ್ನು ಬಯಲಿನಲ್ಲಿ ಎಳೆದು ಕಟ್ಟುತ್ತಾರೆ. ಹುಣಸೆ ಬೀಜದ ಗಂಜಿ ಬಳಿದು ಕುಂಚದಿಂದ ತೀಡುತ್ತಾರೆ. ಗಂಜಿ ಒಣಗುವುದರೊಳಗೆ ಅಂಟಿದ ಎಳೆ ಬಿಡಿಸಬೇಕು, ತುಂಡಾದದ್ದಕ್ಕೆ ಗಂಟು ಹಾಕಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ಮನೆಮಂದಿ ಕೈಹಚ್ಚುತ್ತಾರೆ. ಕುರಿ ಸಾಕಿದವರು, ಉಣ್ಣೆ ಕತ್ತರಿಸಿದವರು, ನೂಲು ತೆಗೆದ ಹೆಣ್ಣುಮಕ್ಕಳು ಆಗಲೇ ತಮ್ಮ ಪಾಲು ಮುಗಿಸಿರುತ್ತಾರೆ.

ಕೆಲಸದಂತೆ ಹೆಸರನ್ನೂ ಹಂಚಿಕೊಳ್ಳಬಹುದು. ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಹೆಸರು ಅಲ್ಲಿನ ನೇಕಾರರಿಗೆಲ್ಲ ಸೇರಿದ್ದು. ಹೆಸರು ಹೀಗೆ ಎಲ್ಲರದ್ದಾಗುವುದು ನನಗೆ ಬಹಳ ದೊಡ್ಡ ಸಂಗತಿ. ಆದರೆ ನಮ್ಮ ಸಂಘಗಳಲ್ಲಿ ಯಾರು ಹೆಚ್ಚು ದುಡಿದರು ಎಂಬ ಲೆಕ್ಕದಲ್ಲೇ ಎಷ್ಟೋ ಹೊತ್ತು ಕಳೆದುಹೋಗುತ್ತದೆ. ಇವತ್ತು ನಿಮ್ಮ ಸಂಘದ ಸಭೆಯಿದ್ದರೆ, ಅರ್ಧಕ್ಕೆ ನಿಂತ ಕೆಲಸ ಯಾವುದು, ಅದಕ್ಕೆ ಯಾರ್ಯಾರು ಕೈಹಚ್ಚಬಹುದು ಎಂಬುದನ್ನೇ ಮೊದಲು ಮಾತಿಗೆ ತನ್ನಿ.