ತಿರುವಿನ ಆಚೆಯ ಗಾಡಿ

ಪೇಟೆಯ ಎರಡು ಇಕ್ಕಟ್ಟಾದ ಬೀದಿಗಳು ಕೂಡುವ ಮೂಲೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಅಂಗಡಿಸಾಲು ಬೀದಿಯ ಅಂಚಿನವರೆಗೂ ಬಂದಿದೆ. ಅಡ್ಡಬೀದಿಯಿಂದ ಬರುವ ಮೋಟಾರುಗಾಡಿ ಮೂಲೆಗೆ ಬಂದ ಮೇಲೆಯೇ ನಿಮ್ಮ ಚಾಲಕನಿಗೆ ಕಾಣತಕ್ಕದ್ದು. ಕಣ್ಣಿಗೆ ಕಾಣದ್ದನ್ನು ರೇಡಿಯೋ ತಿಳಿಸಬಾರದೆ? ‘ನಾನು ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಬರುತ್ತಿದ್ದೇನೆ’ ಎಂದು ಗಾಡಿಯೇ ಗಾಡಿಗೆ ಸೆಕೆಂಡಿಗೆ 10 ಸಲ ಸಾರುವ ಏರ್ಪಾಡೊಂದುಂಟು. ಇದಕ್ಕೆಂದು ಅಮೆರಿಕದಲ್ಲಿ 1999ರಲ್ಲಿ 5.9 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಮೀಸಲಿಟ್ಟರು. 2020ರಲ್ಲಿ ಅದರ ಹೆಚ್ಚಿನ ಪಾಲನ್ನು ಬೇರೆ ಉಪಯೋಗಕ್ಕೆ ಬಿಟ್ಟುಕೊಡಲು ನಿರ್ಧರಿಸಿದರು.

ನಮ್ಮ ಮನೆಯ ರೇಡಿಯೋ ನಾಲ್ಕು ಗೋಡೆಗಳ ನಡುವೆಯೂ ಹಾಡುತ್ತದಲ್ಲ, ಗಾಡಿಯ ರೇಡಿಯೋಗೇನು ಅಡ್ಡಿ ಎಂದು ನೀವು ಕೇಳಬಹುದು. ಅಲೆಯ ಉದ್ದದಲ್ಲಿದೆ ವ್ಯತ್ಯಾಸ. 612 ಕಿಲೋಹರ್ಟ್ಸ್‌ನಲ್ಲಿ ಬರುವ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಅಲೆ ಸುಮಾರು 490 ಮೀಟರ್ ಉದ್ದ. ಅದರ ಮುಂದೆ ನಮ್ಮ ಮನೆ ಒಂದು ಸಣ್ಣ ಕಲ್ಲು. ಗಾಡಿಗಳ ಅಲೆಯಾದರೋ ಸುಮಾರು 5 ಸೆಂಟಿಮೀಟರ್, ಬೆರಳುದ್ದವೂ ಇಲ್ಲ. ಉದ್ದದ ಅಲೆ ಅಡ್ಡಿಯನ್ನು ಬಳಸಿಕೊಂಡು ಹೋಗುತ್ತದೆ. ಹೀಗೆ ಬಾಗುವುದಕ್ಕೆ ವಿವರ್ತನೆಯೆಂದು ಹೆಸರು. (ವೇದಾಂತಿಗಳ ವಿವರ್ತ ಬೇರೆ, ಗಾಬರಿ ಬೇಡ.) ಗಿಡ್ಡ ಅಲೆ ಅಷ್ಟು ಬಾಗದು, ಕಟ್ಟಡದ ಹಿಂದೆ ಅದಕ್ಕೆ ನೆರಳು ಬೀಳುತ್ತದೆ. ಪೊಲೀಸರ ವೈರ್‌ಲೆಸ್ಸಿಗೆ ಎತ್ತರದ ಗೋಪುರದ ಬೆಂಬಲವುಂಟು. ಇಲ್ಲಿ ಎರಡು ಗಾಡಿಗಳ ಆಂಟೆನಾಗಳೂ ನೆಲದಿಂದ ಆಳೆತ್ತರಕ್ಕಿಂತ ಮೇಲಿಲ್ಲ. ನಡುವೆ ಒಂದು ಬಸ್ಸು ಬಂದರೂ ಅಲೆ ಸೊರಗುತ್ತದೆ. ಕಣ್ಣು ಸೋಲುವ ಮೂಲೆಯಲ್ಲೇ ರೇಡಿಯೋವೂ ಸೋಲತೊಡಗುವುದು ಇಲ್ಲಿನ ಕಗ್ಗಂಟು.

ಹಾಗಾದರೆ ಸುದ್ದಿ ತಿರುವು ದಾಟುವುದೆಂತು? ಹೆಚ್ಚಾಗಿ ಪುಟಿದು. ಎದುರು ಗೋಡೆ, ನಿಂತ ಲಾರಿಯ ತಗಡಿನ ಮೈ, ದೀಪದ ಕಂಬ, ಇವಕ್ಕೆ ತಾಗಿದ ಅಲೆಗಳು ಬೇರೆ ಬೇರೆ ದಾರಿಗಳಲ್ಲಿ ಬಂದು ಸೇರುತ್ತವೆ. 30 ಮೀಟರ್ ಸುತ್ತಿ ಬಂದದ್ದು ಸೆಕೆಂಡಿನ ಕೋಟಿಯಲ್ಲೊಂದು ಪಾಲು ತಡವಾಗುತ್ತದೆ. ಇಷ್ಟೇ ಎನ್ನಬೇಡಿ. ವಿಜಯಪುರದ ಗೋಲಗುಮ್ಮಟದೊಳಗೆ ಬೇಗ ಬೇಗ ಮಾತನಾಡಿದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಮಾತೇ ಕಲಸಿಹೋಗುವುದಷ್ಟೆ. ಇಲ್ಲಿಯೂ ಅದೇ ಪಾಡು. ಅಲೆಯ ಉಬ್ಬು ಉಬ್ಬನ್ನು ಕೂಡಿದರೆ ಬಲ. ಉಬ್ಬು ತಗ್ಗನ್ನು ಕೂಡಿದರೆ ಎರಡೂ ಅಳಿಯುತ್ತವೆ. ಗಾಡಿ ಎರಡು ಮೂರು ಸೆಂಟಿಮೀಟರ್ ಸರಿಯುವಷ್ಟರಲ್ಲಿ ಬಲವಿದ್ದೆಡೆ ಬಲವಿಲ್ಲ.

ಇದಕ್ಕೆ ಮದ್ದಿಲ್ಲದೆ ಇಲ್ಲ. ಒಂದೇ ಗಾಡಿಗೆ ಎರಡು ಆಂಟೆನಾಗಳನ್ನು ತುಸು ದೂರದಲ್ಲಿಟ್ಟರೆ, ಒಂದು ಕೇಳದ್ದನ್ನು ಇನ್ನೊಂದು ಕೇಳೀತು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಡಿ ಎರಡು ಸುದ್ದಿಗಳ ನಡುವೆ 1 ಮೀಟರ್ ಮುಂದೆ ಬಂದಿರುತ್ತದೆ. ಒಂದು ತಪ್ಪಿದರೆ ಮುಂದಿನದು ಸಿಕ್ಕೀತು. ಆದರೆ ಕಟ್ಟಡದ ನೆರಳಿನಲ್ಲಿ ಸಾಲಾಗಿ 10 ಸುದ್ದಿ ತಪ್ಪಿದರೆ 10 ಮೀಟರ್ ಕಳೆಯಿತು. ಆದಕಾರಣ ಬಟ್ಟಬಯಲಿನಲ್ಲಿ ಅಳೆದು, ನೂರಾರು ಮೀಟರ್ ಕೇಳಿಸಿತೆಂದು ಹೇಳುವ ಲೆಕ್ಕವನ್ನು ಪೇಟೆಗೆ ಹಚ್ಚುವುದು ನನಗೆ ಸರಿತೋರದು. ಅಳೆಯಬೇಕಾದದ್ದು ಮೂಲೆಯಲ್ಲಿ.

ಮೂಲೆಯಲ್ಲಿರುವ ಸಿಗ್ನಲ್ ಕಂಬಕ್ಕೆ ಎರಡು ಬೀದಿಗಳೂ ನೇರವಾಗಿ ಕಾಣುತ್ತವೆ. ಅದರ ತುದಿಗೊಂದು ರೇಡಿಯೋ ಕಟ್ಟಿ, ಒಂದು ಬೀದಿಯಲ್ಲಿ ಕೇಳಿದ್ದನ್ನು ಇನ್ನೊಂದಕ್ಕೆ ದಾಟಿಸುವ ಉಪಾಯವೂ ಇದೆ. ಇನ್ನು ಶಾಲೆ ಬಿಟ್ಟೊಡನೆ ಸೈಕಲ್ಲೇರಿ ಆ ತಿರುವಿಗೆ ನುಗ್ಗುವ ಹುಡುಗನ ಬಳಿ ಇಂಥ ಪೆಟ್ಟಿಗೆ ಇರುವುದಿಲ್ಲ. ಅವನ ಪಾಲಿಗೆ ಚಾಲಕನ ಕಣ್ಣೇ ಗತಿ.