ಕಂಪನಿಗೆ ನಾನು ಯಾರು?

(ಹುಣಸೂರಿನಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಲು ಬಂದಿರುವುದು ಕೂಲಿಯ ಮೇಲಲ್ಲ, ಬೋನಸ್ಸಿನ ಮೇಲಲ್ಲ, ತುಟ್ಟಿಭತ್ಯದ ಮೇಲೂ ಅಲ್ಲ. ಷೇರುಗಳ ಮೇಲೆ. "ನಮಗೂ ಷೇರಿಗೂ ಏನು ಸಂಬಂಧ? ಅದೆಲ್ಲ ಮುಂಬಯಿಯ ಸೇಟುಗಳ ಆಟ" ಎಂದು ಹಿಂದೆ ಕುಳಿತ ಹಿರಿಯರೊಬ್ಬರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಒಂದು ಕಾಲಕ್ಕೆ ಆ ಮಾತು ಸರಿಯಾಗಿತ್ತು. ಇಂದು ಅಲ್ಲ. ನಿಮ್ಮ ಸಂಬಳದಿಂದ ಹಿಡಿಯುವ ಪ್ರಾವಿಡೆಂಟ್ ಫಂಡಿಗೆ ಹೊಸದಾಗಿ ಬರುವ ಹಣದ ಒಂದು ಪಾಲನ್ನು 2015ರ ಆಗಸ್ಟಿನಿಂದ ಷೇರುಪೇಟೆಯ ನಿಧಿಗಳಲ್ಲಿ ತೊಡಗಿಸುತ್ತ ಬಂದಿದ್ದಾರೆ. ಮೊದಲು ನೂರಕ್ಕೆ 5ರಂತೆ ಇದ್ದದ್ದು 2017ರಲ್ಲಿ 15ಕ್ಕೆ ಏರಿತು. ನಿಮ್ಮನ್ನು ಯಾರೂ ಕೇಳಲಿಲ್ಲ. ನೀವು ಪೇಟೆಗೆ ಹೋಗದಿದ್ದರೂ ಪೇಟೆಯೇ ನಿಮ್ಮ ಮನೆಗೆ ಬಂದಿದೆ.

ಇನ್ನು ವರ್ತಕ ಮಿತ್ರರ ವಿಷಯ. ಇದೇ ಊರಿನಲ್ಲಿ ನನಗೊಬ್ಬ ಸ್ನೇಹಿತನಿದ್ದಾನೆ. ಅವನ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರು, ಲೋಟ, ತಟ್ಟೆಗಳ ವ್ಯಾಪಾರ. ಅವನ ತಂದೆಯ ಕಾಲದಲ್ಲಿ ಅದೇ ಅಂಗಡಿಯಲ್ಲಿ ಮುತ್ತುಗದೆಲೆ ಮಾರುತ್ತಿದ್ದರು. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧದ ಆಜ್ಞೆ ಬಂತು. 2022ರ ಜುಲೈ 1ರಿಂದ ಒಂದು ಸಲ ಬಳಸಿ ಬಿಸಾಡುವ ಹಲವು ಸಾಮಾನುಗಳಿಗೆ ದೇಶವ್ಯಾಪಿ ನಿಷೇಧ ಬಂತು. ಅಂಗಡಿಯ ಸರಕು ಮೂಟೆಕಟ್ಟಿ ಒಳಗೆ ಸೇರಿತು. ಆಗ ಅವನಿಗೊಂದು ಯೋಚನೆ ಹೊಳೆಯಿತು. ಹಳೆಯ ಪ್ಲಾಸ್ಟಿಕ್ ಹೋದರೆ ಅದರ ಜಾಗಕ್ಕೆ ಜೋಳದಿಂದ, ಕಬ್ಬಿನಿಂದ ಮಾಡಿದ ಜೈವಿಕ ಪ್ಲಾಸ್ಟಿಕ್ ಬರಲೇಬೇಕಲ್ಲವೆ? ಅದನ್ನು ಮಾಡುವ ಒಂದು ಸಣ್ಣ ಕಂಪನಿಯ ಷೇರುಗಳನ್ನು ಕೊಂಡ. ಮಗಳ ಮದುವೆಗೆಂದು ಕೂಡಿಟ್ಟ ಹಣ ಅದು.

ಮೊದಲ ವರ್ಷ ಬೆಲೆ ಏರಿತು, ಊರಿಗೆಲ್ಲ ಕಾಫಿ ಕುಡಿಸಿದ. ಆಮೇಲೆ ಇಳಿಯಿತು. "ಮುಂದಿನ ತಿಂಗಳು ಹೊಸ ಯಂತ್ರ ಬರುತ್ತದೆ" ಎಂದರು. ಬರಲಿಲ್ಲ. "ದೊಡ್ಡ ಗಿರಾಕಿಯೊಡನೆ ಮಾತುಕತೆ ನಡೆದಿದೆ" ಎಂದರು. ಮಾತುಕತೆ ಇನ್ನೂ ಮುಗಿದಿಲ್ಲ. ಕಂಪನಿಗೆ ಬರೆದ ಕಾಗದಕ್ಕೆ ಉತ್ತರವಿಲ್ಲ. ಮಾರೋಣವೆಂದರೆ ಕೊಳ್ಳುವವರಿಲ್ಲ. ಕಳೆದ ಸಲ ಸಿಕ್ಕಾಗ ನನ್ನನ್ನು ಒಂದು ಪ್ರಶ್ನೆ ಕೇಳಿದ: "ಅಲ್ಲಣ್ಣ, ಆ ಕಂಪನಿಗೆ ನಾನು ಯಾರು? ಮಾಲೀಕನೋ, ಸಾಲ ಕೊಟ್ಟವನೋ, ಜೂಜಿಗೆ ಕುಳಿತವನೋ?"

ಈ ಭಾಷಣವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ.

ಮೊದಲು ಆ ಸರಕಿನ ವಿಷಯ. ಜೈವಿಕ ಪ್ಲಾಸ್ಟಿಕ್ ಎಂಬುದು ಮೋಸದ ಮಾತಲ್ಲ. ನಾವು ಮೈಯಲ್ಲಿ ಕೊಬ್ಬು ಕೂಡಿಡುವಂತೆ ಕೆಲವು ಬ್ಯಾಕ್ಟೀರಿಯಗಳು ತಮ್ಮೊಳಗೆ ಪ್ಲಾಸ್ಟಿಕ್ಕಿನಂಥ ವಸ್ತುವನ್ನು ಕೂಡಿಡುತ್ತವೆ. ಇದರ ಮೇಲೆ ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲೂ ಸಂಶೋಧನೆ ನಡೆದಿದೆ. ಇನ್ನೊಂದು ಬಗೆಯದು ಕಬ್ಬಿನ ಅಥವಾ ಜೋಳದ ಸಕ್ಕರೆಯನ್ನು ಹುಳಿಯಿಸಿ ಮಾಡುವಂಥದು. ಉತ್ತರ ಪ್ರದೇಶದ ದೊಡ್ಡ ಸಕ್ಕರೆ ಕಂಪನಿಯಾದ ಬಲರಾಂಪುರ ಚೀನಿ ಮಿಲ್ಸ್, ವರ್ಷಕ್ಕೆ 75,000 ಟನ್ ತಯಾರಿಸುವ ಇಂಥ ಕಾರ್ಖಾನೆ ಕಟ್ಟುವುದಾಗಿ 2024ರಲ್ಲಿ ಪ್ರಕಟಿಸಿತು. ಕೃಷ್ಣರಾಜನಗರದ ಕಬ್ಬು ಬೆಳೆಗಾರನೂ ಹೆಗ್ಗಡದೇವನಕೋಟೆಯ ಮುಸುಕಿನ ಜೋಳದ ರೈತನೂ ಇದನ್ನು ಕೇಳಿ ಕಿವಿ ನಿಮಿರಿಸಿದರೆ ತಪ್ಪಲ್ಲ.

ಆದರೆ ಸರಕು ಒಳ್ಳೆಯದಾದ ಮಾತ್ರಕ್ಕೆ ಷೇರು ಒಳ್ಳೆಯದಾಗದು. ಈ ಉದ್ಯಮಕ್ಕೆ ನಮಗಿಂತ ಮೊದಲು ಇಳಿದ ಅಮೆರಿಕದಲ್ಲಿ ಏನಾಯಿತು ನೋಡಿ.

ಮೆಟಬಾಲಿಕ್ಸ್ ಎಂಬ ಕಂಪನಿಯನ್ನು ವಿಜ್ಞಾನಿಗಳು 1992ರಲ್ಲಿ ಕಟ್ಟಿದರು. 2006ರಲ್ಲಿ ಅದರ ಷೇರು ಒಂದಕ್ಕೆ 14 ಡಾಲರಿನಂತೆ ಜನರಿಗೆ ಮಾರಾಟವಾಯಿತು. ಎ.ಡಿ.ಎಂ. ಎಂಬ ಭಾರಿ ಧಾನ್ಯ ಕಂಪನಿ ಜೊತೆಗೂಡಿ, ಅಯೋವಾ ರಾಜ್ಯದ ಕ್ಲಿಂಟನ್ನಿನಲ್ಲಿ ವರ್ಷಕ್ಕೆ 50,000 ಟನ್ ಶಕ್ತಿಯ ಕಾರ್ಖಾನೆ ಎದ್ದಿತು. ಸರಕು ದುಬಾರಿಯಾಯಿತು, ಗಿರಾಕಿಗಳು ನಿಧಾನಿಸಿದರು. 2012ರ ಜನವರಿಯಲ್ಲಿ ಎ.ಡಿ.ಎಂ. "ನಾವು ಹೊರಟೆವು" ಎಂದಿತು. ಸಣ್ಣ ಷೇರುದಾರನಿಗೆ ಈ ಸುದ್ದಿ ಮುಟ್ಟುವ ಹೊತ್ತಿಗೆ ಬೆಲೆ ಕುಸಿದುಹೋಗಿತ್ತು. 2016ರಲ್ಲಿ ಆ ಪ್ಲಾಸ್ಟಿಕ್ ವ್ಯವಹಾರವನ್ನು ಕೊರಿಯದ ಕಂಪನಿಯೊಂದಕ್ಕೆ 10 ಮಿಲಿಯ ಡಾಲರಿಗೆ, ಎಂದರೆ ಒಂದು ಕೋಟಿ ಡಾಲರಿಗೆ, ಕೊಟ್ಟು ಕೈತೊಳೆದುಕೊಂಡರು. ಮರುವರ್ಷ ಕಂಪನಿ ಹೆಸರನ್ನೇ ಬದಲಿಸಿಕೊಂಡಿತು.

ಎರಡನೆಯದು ಡ್ಯಾನಿಮರ್ ಸೈಂಟಿಫಿಕ್. 2020ರ ಡಿಸೆಂಬರ್ ಕೊನೆಗೆ ನ್ಯೂಯಾರ್ಕ್ ಷೇರುಪೇಟೆಗೆ ಬಂತು. 2021ರ ಫೆಬ್ರವರಿಯಲ್ಲಿ ಷೇರು 60 ಡಾಲರು ದಾಟಿತು. ಮುಂದಿನ ತಿಂಗಳು, ಈ ಸರಕು ಹೇಳಿದಷ್ಟು ಬೇಗ ಕರಗುತ್ತದೆಯೇ ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ಬಂತು. ಅಲ್ಲಿಂದ ಇಳಿಜಾರು. 2024ರ ನವೆಂಬರಿನಲ್ಲಿ 40 ಷೇರುಗಳನ್ನು ಒಂದಾಗಿ ಮಾಡಿದರು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಕೋರ್ಟಿನ ಬಾಗಿಲು ತಟ್ಟಿತು.

ಹುಣಸೂರಿನ ನನ್ನ ಸ್ನೇಹಿತನಿಗೂ ಅಮೆರಿಕದ ಆ ಸಣ್ಣ ಷೇರುದಾರನಿಗೂ ಭಾಷೆ ಬೇರೆ, ಗೋಳು ಒಂದೇ. ಆ ಗೋಳಿಗೆ ಮೂರು ಮುಖ.

ಒಂದು, ಸುದ್ದಿ. ಕಟ್ಟೆಮಳಲವಾಡಿಯ ತಂಬಾಕು ಹರಾಜಿನಲ್ಲಿ ರೈತ ತನ್ನ ಬೇಲಿನ ಪಕ್ಕದಲ್ಲೇ ನಿಂತಿರುತ್ತಾನೆ. ಬೆಲೆ ಸಾಲದಿದ್ದರೆ ಕೂಗಾಡಬಹುದು. ಹರಾಜು ನಿಲ್ಲಿಸಿದ ದಿನಗಳೂ ಉಂಟು. ಷೇರುದಾರನಿಗೆ ಆ ನಿಲ್ಲುವ ಜಾಗವೂ ಇಲ್ಲ. ಅದರಲ್ಲೂ ಸಣ್ಣ ಕಂಪನಿಗಳಿಗಾಗಿ 2012ರಲ್ಲಿ ತೆರೆದ ಪ್ರತ್ಯೇಕ ಷೇರು ವೇದಿಕೆಗಳಲ್ಲಿ ಲೆಕ್ಕ ಒಪ್ಪಿಸುವುದು ಆರು ತಿಂಗಳಿಗೊಮ್ಮೆ. ದೊಡ್ಡ ಕಂಪನಿಗಳಂತೆ ಮೂರು ತಿಂಗಳಿಗೊಮ್ಮೆ ಅಲ್ಲ. ಆರು ತಿಂಗಳಲ್ಲಿ ಒಂದು ಬೆಳೆಯೇ ಬಂದು ಹೋಗುತ್ತದೆ.

ಎರಡು, ಪಾಲು ತೆಳುವಾಗುವುದು. ಹಣ ಸಾಲದೆ ಬಂದಾಗಲೆಲ್ಲ ಕಂಪನಿ ಹೊಸ ಷೇರು ಹೊರಡಿಸುತ್ತದೆ. ಹತ್ತು ಜನಕ್ಕೆ ಬೇಯಿಸಿದ ಅನ್ನಕ್ಕೆ ಇಪ್ಪತ್ತು ಎಲೆ ಹಾಕಿದಂತೆ. ಹೊಸಬರು ತಂದ ಅಕ್ಕಿ ಒಲೆಗೆ ಬಿದ್ದರೆ ಸರಿ. ಹಳೆಯ ಸಾಲಕ್ಕೇ ಹೋದರೆ ಮೊದಲು ಕುಳಿತವನ ಎಲೆಗೆ ಅರ್ಧ ಅನ್ನ. ಷೇರುಗಳನ್ನು ಒಗ್ಗೂಡಿಸುವುದೂ ಇಂಥದ್ದೇ ಲೆಕ್ಕ. ನಲವತ್ತು ಬಿಡಿ ನಾಣ್ಯ ಕೊಟ್ಟು ಒಂದು ನೋಟು ತಂದರೆ ಕಿಸೆ ತುಂಬಿದಂತೆ ಕಾಣದು, ಬರಿದಾದಂತೆಯೂ ಕಾಣದು; ಆದರೆ ಯಾರೂ ಸಿರಿವಂತರಾಗಲಿಲ್ಲ.

ಮೂರು, ಬಾಗಿಲು. ಒಳಗೆ ಹೋಗುವ ಬಾಗಿಲು ದೊಡ್ಡದು, ಹೊರಗೆ ಬರುವ ಬಾಗಿಲು ಕಿರಿದು. ಸಣ್ಣ ಕಂಪನಿಯ ಷೇರಿಗೆ ಕಾಗದದ ಮೇಲೆ ಬೆಲೆಯಿರುತ್ತದೆ, ಕೊಳ್ಳುವ ಕೈ ಇರುವುದಿಲ್ಲ.

ಇನ್ನು ಕಂಪನಿ ಮುಳುಗಿದರೆ? 2016ರ ದಿವಾಳಿ ಸಂಹಿತೆಯ 53ನೆಯ ಕಲಮಿನಲ್ಲಿ ಒಂದು ಸಾಲು ಹಾಕಿದ್ದಾರೆ. ಮೊದಲು ಆ ನಡವಳಿಕೆಯ ಖರ್ಚು. ಆಮೇಲೆ ಒತ್ತೆ ಹಿಡಿದು ಸಾಲ ಕೊಟ್ಟವರು, ಅವರ ಸಮಕ್ಕೆ ಕೆಲಸಗಾರರ 24 ತಿಂಗಳ ಬಾಕಿ. ಆಮೇಲೆ ಉಳಿದ ನೌಕರರು, ಉಳಿದ ಸಾಲಗಾರರು, ಸರ್ಕಾರ. ಕಟ್ಟಕಡೆಗೆ ಸಾಮಾನ್ಯ ಷೇರುದಾರ. ಅವನ ಸರದಿ ಬರುವಾಗ ಪಾತ್ರೆಯಲ್ಲಿ ಉಳಿಯುವುದು ಸಾಮಾನ್ಯವಾಗಿ ತಳದ ಸೀಕು ಮಾತ್ರ.

ಇಲ್ಲಿ ಕೆಲಸಗಾರ ಗೆಳೆಯರು ಕೇಳಬಹುದು: "ಲಾಭದ ಆಸೆಗೆ ಹಣ ಹಾಕಿದವನು ಕೊನೆಯಲ್ಲಿ ನಿಂತರೆ ಅನ್ಯಾಯವೇನು?" ಅನ್ಯಾಯವಿಲ್ಲ. ಬೆವರಿನ ಬಾಕಿ ಮೊದಲು, ಬಂಡವಾಳದ ಪಾಲು ಆಮೇಲೆ. ಆ ಸಾಲನ್ನು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ನಷ್ಟ ಹೊರುವವನಿಗೆ ನಷ್ಟ ಬರುತ್ತಿದೆ ಎಂದು ಮುಂಚೆ ತಿಳಿಯುವ ಹಕ್ಕಿರಬೇಕು ಎಂದು ಕೇಳುತ್ತಿದ್ದೇನೆ. ಏಕೆಂದರೆ ಅವನಿಗೆ ಮುಚ್ಚಿಟ್ಟ ಸುದ್ದಿಯನ್ನು ನಿಮಗೂ ಮುಚ್ಚಿಟ್ಟಿರುತ್ತಾರೆ. ಗೇಟಿಗೆ ಬೀಗ ಬಿದ್ದ ಬೆಳಿಗ್ಗೆ ಇಬ್ಬರೂ ಒಂದೇ ನೋಟೀಸನ್ನು ಓದುತ್ತಾರೆ.

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯನ್ನು ನೆನೆಯಿರಿ. 1936ರಲ್ಲಿ ಹುಟ್ಟಿದ ಕಂಪನಿ. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಜನರ ಕೈಯಲ್ಲೂ ಷೇರುಗಳು ಉಳಿದವು. 2015ರಲ್ಲಿ ಯಂತ್ರಗಳು ನಿಂತವು. ಕೆಲಸಗಾರನ ಕೈಯಲ್ಲಿ ಸ್ವಯಂನಿವೃತ್ತಿಯ ಕಾಗದ, ಷೇರುದಾರನ ಕೈಯಲ್ಲಿ ಷೇರಿನ ಕಾಗದ. ಕಾಗದದ ಕಾರ್ಖಾನೆ ಇಬ್ಬರಿಗೂ ಬಿಟ್ಟುಹೋದದ್ದು ಕಾಗದವನ್ನೇ.

"ಹಾಗಾದರೆ ಸಹಕಾರ ಸಂಘವೇ ಮದ್ದು" ಎನ್ನುವಿರಾ? ತತ್ತ್ವದಲ್ಲಿ ಸಹಕಾರ ಮೇಲು. ಕಂಪನಿಯಲ್ಲಿ ಷೇರಿಗೊಂದು ಓಟು, ಸಹಕಾರದಲ್ಲಿ ಆಳಿಗೊಂದು ಓಟು. ಆದರೆ ನಮ್ಮ ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ಸದಸ್ಯ ರೈತರದ್ದೇ ಆಗಿದ್ದರೂ ವರ್ಷಗಟ್ಟಲೆ ನಿಂತು, ಕೊನೆಗೆ ಖಾಸಗಿಯವರ ಗುತ್ತಿಗೆಗೆ ಹೋಯಿತು. ಓಟು ಇದ್ದರೆ ಸಾಲದು. ಲೆಕ್ಕ ಕೇಳುವವರು ಬೇಕು, ಅದೂ ಒಟ್ಟಾಗಿ ಕೇಳುವವರು ಬೇಕು.

ಹಾಗೆ ಕೇಳಲು ಕಾನೂನಿನಲ್ಲಿ ದಾರಿ ಇದೆ. ನನ್ನ ಸ್ನೇಹಿತನಿಗೆ ಅದು ಗೊತ್ತಿರಲಿಲ್ಲ, ಬಹುಮಂದಿಗೆ ಗೊತ್ತಿಲ್ಲ.

2013ರ ಕಂಪನಿ ಕಾಯಿದೆಯ ಪ್ರಕಾರ ವಾರ್ಷಿಕ ಸಭೆಗೆ ಪ್ರತಿ ಷೇರುದಾರನಿಗೂ ನೋಟೀಸು ಬರಬೇಕು, ಲೆಕ್ಕಪತ್ರ ಬರಬೇಕು. ಒಂದೇ ಷೇರು ಇದ್ದರೂ ಸರಿ. ಅದೇ ಕಾಯಿದೆಯ 151ನೆಯ ಕಲಮು ಇನ್ನೂ ಸ್ವಾರಸ್ಯವಾದದ್ದು. ಮುಖಬೆಲೆಯ ಲೆಕ್ಕದಲ್ಲಿ 20,000 ರೂಪಾಯಿ ಮೀರದಷ್ಟು ಷೇರು ಉಳ್ಳವನನ್ನು ಅದು 'ಸಣ್ಣ ಷೇರುದಾರ' ಎಂದು ಕರೆಯುತ್ತದೆ. ಇಂಥವರು 1,000 ಮಂದಿ, ಅಥವಾ ಅವರಲ್ಲಿ ಹತ್ತರಲ್ಲೊಂದು ಪಾಲು, ಯಾವುದು ಕಡಿಮೆಯೋ ಅಷ್ಟು ಜನ ನೋಟೀಸು ಕೊಟ್ಟರೆ, ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಯಲ್ಲಿ ತಮ್ಮದೇ ಒಬ್ಬ ನಿರ್ದೇಶಕನನ್ನು ಆರಿಸಲು ದಾರಿಯಾಗುತ್ತದೆ. 245ನೆಯ ಕಲಮಿನಂತೆ 100 ಸದಸ್ಯರು, ಅಥವಾ ಒಟ್ಟು ಸದಸ್ಯರಲ್ಲಿ ನೂರಕ್ಕೆ 5 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಆಡಳಿತ ಮಂಡಳಿಯ ತಪ್ಪು ನಡೆಯ ವಿರುದ್ಧ ಕಂಪನಿ ನ್ಯಾಯಮಂಡಳಿಗೆ ಸಾಮೂಹಿಕ ಅರ್ಜಿ ಹಾಕಬಹುದು. ಪಟ್ಟಿಯಲ್ಲಿರುವ ಕಂಪನಿ ಕಾಗದಕ್ಕೆ ಉತ್ತರಿಸದಿದ್ದರೆ ಸೆಬಿಯ 'ಸ್ಕೋರ್ಸ್' ವ್ಯವಸ್ಥೆಯಲ್ಲಿ ಒಬ್ಬನೇ ದೂರು ಕೊಡಬಹುದು.

ಗಮನಿಸಿ. ಸಭೆಯ ನೋಟೀಸು, ದೂರಿನ ಅರ್ಜಿ ಬಿಟ್ಟರೆ ಮಿಕ್ಕ ಬಲವೆಲ್ಲ ನೂರು ಜನಕ್ಕೆ, ಸಾವಿರ ಜನಕ್ಕೆ. ಒಂಟಿ ಷೇರುದಾರನ ಕೂಗು ಕಾಡಿನ ಕೂಗು. ಇದು ಕೆಲಸಗಾರನಿಗೆ ಹೊಸ ಪಾಠವಲ್ಲ. ಒಬ್ಬನೇ ಮ್ಯಾನೇಜರನ ಕೋಣೆಗೆ ಹೋದರೆ ಏನಾಗುತ್ತದೆ, ಸಂಘ ಹೋದರೆ ಏನಾಗುತ್ತದೆ ಎಂದು ನೀವು ಬಲ್ಲಿರಿ. ಈ ಪಾಠವನ್ನು ನಿಮ್ಮ ಪಕ್ಕದಲ್ಲಿ ಕುಳಿತ ಅಂಗಡಿಯವನಿಗೆ ಹೇಳಿಕೊಡಬೇಕಾದವರು ನೀವೇ.

ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳೂ ಸರಳ. ಸರಕು ಮಾರಿ ಹಣ ಬರುತ್ತಿದೆಯೋ, ಷೇರು ಮಾರಿ ಬರುತ್ತಿದೆಯೋ? ಕಳೆದ ವರ್ಷ ಷೇರು ಎಷ್ಟಿತ್ತು, ಈ ವರ್ಷ ಎಷ್ಟಾಯಿತು? ಕಂಪನಿ ಕಟ್ಟಿದವರು ತಮ್ಮ ಷೇರನ್ನು ಒತ್ತೆ ಇಟ್ಟಿದ್ದಾರೆಯೆ, ಮಾರುತ್ತಿದ್ದಾರೆಯೆ? ಕರಗುವ ಪ್ಲಾಸ್ಟಿಕ್ ಎಂದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಎಲ್ಲಿ? ಉತ್ತರ ಸಿಗದಿದ್ದರೆ ಹಣ ಪೆಟ್ಟಿಗೆಯಲ್ಲೇ ಇರಲಿ. ಮದುವೆಯ ಹಣ, ಔಷಧದ ಹಣ, ಮಗುವಿನ ಫೀಸಿನ ಹಣ ಎಂಥ ಒಳ್ಳೆಯ ಕಂಪನಿಯ ಷೇರಿಗೂ ಹೋಗಬಾರದು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಅಜ್ಜಿಗೆ ಚೆಂದ, ಬಡವನ ಉಳಿತಾಯಕ್ಕೆ ಚೆಂದವಲ್ಲ.

ಈಗ ಸ್ನೇಹಿತನ ಪ್ರಶ್ನೆಗೆ ಬರೋಣ. ಅವನು ಸಾಲ ಕೊಟ್ಟವನಲ್ಲ. ಸಾಲ ಕೊಟ್ಟವನು ಸಾಲಿನಲ್ಲಿ ಮುಂದೆ ನಿಲ್ಲುತ್ತಾನೆ. ಲೆಕ್ಕ ಓದದೆ ಹಣ ಹಾಕಿದ ದಿನ ಅವನು ಜೂಜಿಗೆ ಕುಳಿತವನಾಗಿದ್ದ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ. ಮಾಲೀಕನೆಂದು ಕಾಗದ ಹೇಳುತ್ತದೆ. ಆದರೆ ತನ್ನಂಥವರ ಜೊತೆ ಸೇರಿ ಕೇಳುವವರೆಗೆ ಅವನು ಹೆಸರಿಗೆ ಮಾತ್ರ ಮಾಲೀಕ.

ಅವನ ಮದುವೆಯ ಹಣ ಹಿಂತಿರುಗಿ ಬರುತ್ತದೆಂದು ನಾನು ಮಾತು ಕೊಡಲಾರೆ. ಆದರೆ ಕಳೆದ ವಾರ ಅವನು ಒಂದು ನೋಟು ಪುಸ್ತಕ ತಂದು ತೋರಿಸಿದ. ಅದೇ ಕಂಪನಿಯ ಷೇರು ಹಿಡಿದವರನ್ನು ಪಿರಿಯಾಪಟ್ಟಣದಲ್ಲಿ, ಕೃಷ್ಣರಾಜನಗರದಲ್ಲಿ, ಕೋಟೆಯಲ್ಲಿ ಹುಡುಕಿ ಹೆಸರು ಬರೆದುಕೊಳ್ಳುತ್ತಿದ್ದಾನೆ. ಹನ್ನೊಂದು ಹೆಸರುಗಳಾಗಿವೆ. ನೂರಕ್ಕೆ ಇನ್ನೂ ಎಂಬತ್ತೊಂಬತ್ತು ಬೇಕು. ಈ ಸಭೆಯಲ್ಲಿ ಅಂಥವರು ಯಾರಾದರೂ ಇದ್ದರೆ ಹೋಗುವ ಮುಂಚೆ ಅವನನ್ನು ಕಾಣಿರಿ. ಬಾಗಿಲ ಬಳಿ ಪುಸ್ತಕ ಹಿಡಿದು ನಿಂತಿರುವವನೇ ಅವನು.