ಅಸ್ತ್ರ ಒಲೆಯಾದ ಬಗೆ
1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುದ್ರಸಾಯನದ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು ಗ್ರಾಮೀಣ ತಂತ್ರಜ್ಞಾನಕ್ಕೆಂದೇ ಒಂದು ಕೇಂದ್ರವನ್ನು ತೆರೆದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ‘ಅಸ್ತ್ರ’ವಾದುವು. ಕನ್ನಡದ ಕಿವಿಗೆ ಅದು ಕುರುಕ್ಷೇತ್ರದ ಸದ್ದು. ಅಲ್ಲಿಂದ ಹೊರಟದ್ದು ಮಾತ್ರ ಸೌದೆ ಉಳಿಸುವ ಒಲೆ! ಆ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ರೆಡ್ಡಿಯವರೂ ಸಂಗಡಿಗರೂ ಸಗಣಿಯ ಅನಿಲದಿಂದ ಮನೆಮನೆಯ ಅಡುಗೆ ನಡೆಸಲು ಹೊರಟರು. ಊರಿನ ಸಗಣಿ ಅಷ್ಟಕ್ಕೆ ಸಾಲದು. ಊರವರಿಗೆ ಬೇಕಾಗಿದ್ದುದೋ ಕುಡಿಯುವ ನೀರು. ವಿದ್ವಾಂಸರು ತಮ್ಮ ಯೋಜನೆಯನ್ನೇ ಬದಲಿಸಿದರು. ನಮ್ಮ ವಿದ್ವತ್ ವಲಯದಲ್ಲಿ ಇದು ಅಪರೂಪವೆಂದೇ ಹೇಳಬೇಕು. 1987ರಲ್ಲಿ ಅದೇ ಅನಿಲವು, ಸ್ವಲ್ಪ ಡೀಸೆಲಿನ ಜೊತೆಗೂಡಿ, ಎಂಜಿನ್ನನ್ನು ತಿರುಗಿಸಿತು. ನೀರು ನಲ್ಲಿಗೆ ಬಂತು. ಸಗಣಿ ಹೊತ್ತು ತಂದವರಿಗೆ, ಹೆಚ್ಚಾಗಿ ಹೆಂಗಸರು ಮಕ್ಕಳಿಗೆ, ಕೂಲಿ ದೊರೆಯಿತು. ಅನಿಲ ಕಳೆದುಳಿದ ಗೊಬ್ಬರ ಅವರವರ ಹೊಲಕ್ಕೆ ಮರಳಿತು.